ಅಂಗನವಾಡಿಯಲ್ಲಿ ಕೂತು ಮಗುವಿನ ಆಟ ದಾಖಲಿಸುವುದು ಹೇಗೆ?

ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಮುದಾಯ ವಿಜ್ಞಾನ ಕಾಲೇಜಿರಲಿ, ಬೇರೆಲ್ಲೇ ಇರಲಿ, ಮಾನವ ಅಭಿವೃದ್ಧಿ ಮತ್ತು ಕುಟುಂಬ ಅಧ್ಯಯನ ಓದುವವರು ಮಕ್ಕಳನ್ನು ಗಮನಿಸಿ ಬರೆಯುವುದನ್ನು ಕಲಿಯಲೇಬೇಕು. ಈ ಪ್ರಾಕ್ಟಿಕಲ್ ಸುಲಭ ಅನ್ನಿಸುತ್ತದೆ. ಆದರೆ ಹೆಚ್ಚು ರೆಕಾರ್ಡ್ ಬುಕ್‌ಗಳು ತಿದ್ದುಪಡಿಗೆ ವಾಪಸ್ ಬರುವುದು ಇದರಲ್ಲೇ.

ಮೊದಲು ವಿಭಾಗದ ಪತ್ರ ಹಿಡಿದು ಶಿಶು ಅಭಿವೃದ್ಧಿ ಯೋಜನಾಧಿಕಾರಿಯ (ಸಿಡಿಪಿಒ) ಅನುಮತಿ ಪಡೆಯಿರಿ, ಕೇಂದ್ರದ ಟೀಚರ್‌ಗೂ ತಾಯಂದಿರಿಗೂ ವಿಷಯ ತಿಳಿಸಿ. ಫೋಟೊ ಬೇಡ. ಪುಸ್ತಕದಲ್ಲಿ ಹೆಸರಿನ ಬದಲು 'ಮಗು 1' ಎಂದಿರಲಿ.

ವಯಸ್ಸನ್ನು ಬಾಯಿಮಾತಿನಿಂದ ಬರೆಯಬೇಡಿ, ಹುಟ್ಟಿದ ತಾರೀಖು ಬರೆದಿರುವ ತಾಯಿ ಕಾರ್ಡ್ ನೋಡಿ. ಗಮನಿಸಿದ ದಿನ 10-6-2025, ಹುಟ್ಟಿದ್ದು 25-9-2021 ಎಂದುಕೊಳ್ಳಿ. 10ರಲ್ಲಿ 25 ಹೋಗದು, ಒಂದು ತಿಂಗಳನ್ನು 30 ದಿನವೆಂದು ಕಡ ತನ್ನಿ. ವಯಸ್ಸು 3 ವರ್ಷ, 8 ತಿಂಗಳು, 15 ದಿನ. ಇಲ್ಲಿ 'ಸುಮಾರು 4' ಎಂದು ಬರೆದರೆ ಮುಂದಿನ ಹೋಲಿಕೆಯೆಲ್ಲ ಕೆಡುತ್ತದೆ.

ಮೊದಲ ಎರಡು ದಿನ ಪೆನ್ನು ತೆಗೆಯದೆ ಮೂಲೆಯಲ್ಲಿ ಸುಮ್ಮನೆ ಕೂತಿರಿ. ಹೊಸ ಮುಖ ಕಂಡರೆ ಕೆಲವು ಮಕ್ಕಳು ಮುದುಡುತ್ತಾರೆ, ಕೆಲವರು ನಿಮಗೆ ತೋರಿಸಲೆಂದೇ ಆಡುತ್ತಾರೆ. ಎರಡೂ ಅವರ ನಿತ್ಯದ ಆಟವಲ್ಲ.

ಬರೆಯಲು ಶುರು ಮಾಡಿದಾಗ ಆಗುವ ದೊಡ್ಡ ತಪ್ಪು, ಕಂಡದ್ದನ್ನು ಬಿಟ್ಟು ಅನ್ನಿಸಿದ್ದನ್ನು ಬರೆಯುವುದು. 'ಮಗು ಹಠಮಾರಿ, ಸಿಟ್ಟಿನಿಂದ ಆಟಿಕೆ ಕಿತ್ತುಕೊಂಡಿತು' ಎಂಬುದು ದಾಖಲೆಯಲ್ಲ, ತೀರ್ಪು. ದಾಖಲೆ ಹೀಗಿರಬೇಕು: '10.42. ಮಗು 1 ಎರಡೂ ಕೈಯಿಂದ ಕೆಂಪು ಲಾರಿ ಎಳೆದುಕೊಂಡಿತು. "ನಂದೈತಿ, ಕೊಡು" ಎಂದಿತು. ಮಗು 2 ಕೈ ಬಿಟ್ಟು ಟೀಚರ್ ಕಡೆ ನೋಡಿತು.' ಮಗುವಿನ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಲಾರಿ ಮೊದಲು ಯಾರ ಕೈಲಿತ್ತು ಎಂಬುದನ್ನೂ ಬರೆಯಿರಿ. ಅದು ತಪ್ಪಿದರೆ ತನ್ನ ಆಟಿಕೆ ವಾಪಸ್ ಪಡೆದ ಮಗುವೂ ಕಿತ್ತುಕೊಂಡಂತೆ ಕಾಣುತ್ತದೆ. ನಿಮ್ಮ ಅನಿಸಿಕೆಗೆ ಪುಟದ ಬಲಬದಿಯಲ್ಲಿ ಬೇರೆ ಅಂಕಣ ಬಿಡಿ.

ಮುಂದಿನದು ಆಟದ ಎಣಿಕೆ. ಮಕ್ಕಳ ಆಟವನ್ನು ಅಧ್ಯಯನ ಮಾಡಿದ ಅಮೆರಿಕದ ಸಂಶೋಧಕಿ ಮಿಲ್ಡ್ರೆಡ್ ಪಾರ್ಟನ್ 1932ರಲ್ಲಿ ಪ್ರಕಟಿಸಿದ ಆರು ವಿಧಗಳೇ ಇಂದಿಗೂ ಬಳಕೆಯಲ್ಲಿವೆ: ಏನೂ ಆಡದಿರುವುದು, ನೋಡುತ್ತ ನಿಲ್ಲುವುದು, ಒಂಟಿ ಆಟ, ಅಕ್ಕಪಕ್ಕದ ಆಟ (ಪಕ್ಕದಲ್ಲೇ ಕೂತರೂ ತಮ್ಮ ಪಾಡಿಗೆ ಆಡುವುದು), ಒಡನಾಟದ ಆಟ, ಸಹಕಾರದ ಆಟ. ಸ್ವತಂತ್ರ ಆಟದ ಹೊತ್ತಿನಲ್ಲಿ 30 ಸೆಕೆಂಡ್ ನೋಡಿ, ಮುಂದಿನ 30 ಸೆಕೆಂಡಿನಲ್ಲಿ ಅದು ಯಾವ ವಿಧವೆಂದು ಒಂದು ಗುರುತು ಹಾಕಿ. ದಿನಕ್ಕೆ 10 ನಿಮಿಷದಂತೆ ಐದು ದಿನಕ್ಕೆ 50 ಗುರುತು. 22 ಅಕ್ಕಪಕ್ಕದ ಆಟವಾದರೆ ಅದು ಶೇ 44.

ಎಡವುವುದು ಒಡನಾಟ ಮತ್ತು ಸಹಕಾರದ ನಡುವೆ. ಇಬ್ಬರು ಬಟ್ಟಲು ಕೊಟ್ಟು ತೆಗೆದುಕೊಂಡು ಮಾತಾಡುತ್ತ ತಮ್ಮತಮ್ಮ ಅಡುಗೆ ಮಾಡುತ್ತಿದ್ದರೆ ಒಡನಾಟ. 'ನೀ ಅವ್ವ, ನಾ ಅಂಗಡಿಯಾಂವ' ಎಂದು ಪಾತ್ರ ಹಂಚಿಕೊಂಡು ಒಂದೇ ಆಟ ಕಟ್ಟಿದರೆ ಸಹಕಾರ. ನೋಡುತ್ತ ನಿಂತ ಮಗುವನ್ನು 'ಏನೂ ಆಡದ' ಗುಂಪಿಗೆ ತಳ್ಳುವುದು ಮಗುವಿಗೆ ಮಾಡುವ ಅನ್ಯಾಯ. ಅದರ ಕಣ್ಣು ಆಟದ ಜೊತೆಗೇ ಇರುತ್ತದೆ.

ಒಂದು ದಿನ ಸಹಪಾಠಿಯೂ ಪಕ್ಕದಲ್ಲಿ ಕೂತು, ನಿಮ್ಮ ಪುಟ ನೋಡದೆ, ಅದೇ ಮಗುವಿಗೆ ಗುರುತು ಹಾಕಲಿ. 10ರಲ್ಲಿ 8 ಹೊಂದಿದರೆ ಶೇ 80, ನಡೆಯುತ್ತದೆ. ಅದಕ್ಕಿಂತ ಕಡಿಮೆಯಾದರೆ ವಿಧಗಳ ವ್ಯಾಖ್ಯೆಯನ್ನು ಇಬ್ಬರೂ ಮತ್ತೆ ಓದಿ, ಇನ್ನೊಮ್ಮೆ ಕೂರಿ.

ಮಾತು, ನಡಿಗೆ, ಕೇಳಿಸಿಕೊಳ್ಳುವುದರಲ್ಲಿ ಮಗು ಹಿಂದಿದೆ ಅನ್ನಿಸಿದರೆ ತಾಯಿಗೆ ರೋಗದ ಹೆಸರು ಹೇಳಬೇಡಿ. ತಾರೀಖು, ಸಮಯ ಸಮೇತ ನಿಮ್ಮ ಮಾರ್ಗದರ್ಶಕರಿಗೂ ಟೀಚರ್‌ಗೂ ತೋರಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ತಪಾಸಣೆಗೆ ಬಂದಾಗ ಈ ಪುಟ ಅವರ ಕೈ ಸೇರಲಿ.