ಮಗ್ಗದ ಓಣಿಯಲ್ಲಿ ಸಾಲದ ಹಾಳೆ: ನನ್ನ ಅನುಭವ

"ಸಾಲದ ಲೆಕ್ಕ ನೋಡುವುದು ಬ್ಯಾಂಕಿನವರ ಕೆಲಸ. ನೀವು ಸಮಾಲೋಚನೆ ಮಾಡಿ, ಸಾಕು" ಎಂದು, ಸಾಲದಲ್ಲಿ ಸಿಕ್ಕ ಕುಟುಂಬಗಳ ನಡುವೆ ಕೆಲಸ ಮಾಡುವ ನನಗೆ ಈ ಕ್ಷೇತ್ರದ ಹಿರಿಯರೇ ಹೇಳಿದ್ದರು. ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿಯ ನೇಕಾರರ ಓಣಿಗಳಲ್ಲಿ ಈಗ 40ರ ಆಸುಪಾಸಿನ ಮನೆಗಳ ಲೆಕ್ಕ ನನ್ನ ಬಳಿ ಇದೆ. ಅವುಗಳಲ್ಲಿ 30ರಷ್ಟು ಮನೆಯವರು ಒಂದು ಕಂತು ಕಟ್ಟಲು ಇನ್ನೊಂದು ಸಾಲ ಎತ್ತುವುದನ್ನು ನಿಲ್ಲಿಸಿದ್ದಾರೆ. ಅದೇ ಹಿರಿಯರು ಈಗ ತಮ್ಮ ಕಾರ್ಯಕರ್ತೆಯರನ್ನು ಕೆಲಸ ಕಲಿಯಲು ನನ್ನ ಹತ್ತಿರ ಕಳುಹಿಸುತ್ತಿದ್ದಾರೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಹಿನ್ನೆಲೆ ಇಷ್ಟು. 2019ರ ಪ್ರವಾಹ, ಮರುವರ್ಷ ಲಾಕ್‌ಡೌನ್, ನಿಂತ ಮಗ್ಗ. ಕಂಡಿಕೆ (ಮಗ್ಗದ ನೂಲಿನ ಉರುಳೆ) ಸುತ್ತುವ ಹೆಂಗಸಿಗೆ ದಿನಕ್ಕೆ 150, ಹೆಚ್ಚೆಂದರೆ 200 ರೂಪಾಯಿ. ಮೈಕ್ರೋಫೈನಾನ್ಸ್ ಸಂಸ್ಥೆಗಳು ಹೆಂಗಸರ ಗುಂಪಿಗೆ ಕೊಡುವ ಸಾಲ ಅವಳ ಹೆಸರಿನಲ್ಲಿ. ಹಣ ಹೋದದ್ದು ಮಗ್ಗದ ರಿಪೇರಿಗೆ, ನಾದಿನಿಯ ಮದುವೆಗೆ, ಕೆಲವು ಮನೆಗಳಲ್ಲಿ ಗಂಡನ ಕುಡಿತಕ್ಕೆ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆವು. ಸಮುದಾಯ ಭವನದಲ್ಲಿ ಶಿಬಿರ, ಬ್ಯಾಂಕ್ ಅಧಿಕಾರಿಯ ಭಾಷಣ, ಚಹಾ, ಉಪ್ಪಿಟ್ಟು. ಸುಮಾರು 6,000 ರೂಪಾಯಿ ಖರ್ಚಾಯಿತು. ಒಬ್ಬ ಹೆಂಗಸೂ ಬಾಯಿ ಬಿಡಲಿಲ್ಲ. ಗುಂಪಿನ ಲೀಡರ್ ಮುಂದಿನ ಸಾಲಿನಲ್ಲೇ ಕುಳಿತಿದ್ದಳು. ಒಬ್ಬಳು ಕಂತು ತಪ್ಪಿಸಿದರೆ ಉಳಿದವರು ತುಂಬಬೇಕಾದ ಗುಂಪಿನಲ್ಲಿ ಯಾರು ತಾನೇ ತನ್ನ ಸಂಕಟ ಹೇಳಿಯಾಳು? ನಂತರ ಮನೆಮನೆ ಸಮೀಕ್ಷೆ. "ಒಟ್ಟು ಸಾಲ ಎಷ್ಟು?" ಎಂಬ ಪ್ರಶ್ನೆಗೆ ಬಂದ ಉತ್ತರಗಳು ನಿಜದ ಅರ್ಧಕ್ಕೂ ಕಡಿಮೆ ಇದ್ದವು. ಆಮೇಲೆ ದಾನಿಗಳಿಂದ 60,000 ರೂಪಾಯಿಯಷ್ಟು ಕೂಡಿಸಿ ಐದಾರು ಮಂದಿಯ ಸಣ್ಣ ಸಾಲಗಳನ್ನು ಪೂರ್ತಿ ತೀರಿಸಿದೆವು. ವರ್ಷ ತುಂಬುವುದರೊಳಗೆ ಹೆಚ್ಚಿನವರ ಮನೆಯಲ್ಲಿ ಹೊಸ ಸಾಲದ ಕಾರ್ಡ್ ಬಂದಿತ್ತು. ಆ ಹಣ ಹೋದದ್ದು ನನಗೆ ಇಂದಿಗೂ ಉರಿಯುತ್ತದೆ.

ಕೊನೆಗೆ ಫಲ ಕೊಟ್ಟದ್ದು ಒಂದು ದೊಡ್ಡ ಹಾಳೆ. ಎಷ್ಟು ಸಾಲ ಎಂದು ಕೇಳುವುದನ್ನೇ ಬಿಟ್ಟೆ. "ಮನೆಯಲ್ಲಿರುವ ಸಾಲದ ಕಾರ್ಡ್‌ಗಳನ್ನೆಲ್ಲ ಒಂದು ಕೈಚೀಲದಲ್ಲಿ ಹಾಕಿಕೊಂಡು ಬಾ, ಮೊಬೈಲ್ ತಾ" ಎನ್ನುತ್ತೇನೆ, ಅಷ್ಟೇ. ಜನರ ಸಾಲದ ದಾಖಲೆ ಇಡುವ ಕ್ರೆಡಿಟ್ ಬ್ಯೂರೋಗಳು ವರ್ಷಕ್ಕೊಮ್ಮೆ ಉಚಿತವಾಗಿ ಕೊಡಬೇಕಾದ ವರದಿಯನ್ನು ಅವಳ ಮೊಬೈಲ್‌ನಲ್ಲೇ ತೆಗೆಯುತ್ತೇನೆ. ಕಾರ್ಡ್ ಕಳೆದುಹೋದ ಸಾಲ, ಮುಗಿದರೂ ಮುಗಿದಿಲ್ಲವೆಂದು ತೋರಿಸುವ ಸಾಲ, ತನ್ನ ಹೆಸರಿನಲ್ಲಿ ಇನ್ನಾರೋ ಎತ್ತಿದ ಸಾಲ ಎಲ್ಲವೂ ಅಲ್ಲಿ ಹೊರಬೀಳುತ್ತವೆ. ಗಿರವಿ, ಕೈಗಡ, ಮೀಟರ್ ಬಡ್ಡಿ ಮಾತ್ರ ಅದರಲ್ಲಿರುವುದಿಲ್ಲ. ಅವನ್ನು ಹೊರತರುವ ನನ್ನದೇ ಒಂದು ಪ್ರಶ್ನೆ ಇದೆ; ಅದನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಕೇಳತೊಡಗಿದರೆ ಅದಕ್ಕೂ ಸಿದ್ಧ ಉತ್ತರ ಹುಟ್ಟಿಕೊಳ್ಳುತ್ತದೆ.

ಹಾಳೆಯ ಮೇಲೆ ಸಾಲ ಕೊಟ್ಟವರ ಹೆಸರಿನ ಪಟ್ಟಿ ಬರೆಯಬೇಡಿ, ತಿಂಗಳ ತಾರೀಖುಗಳನ್ನು ಬರೆಯಿರಿ. ಯಾವ ದಿನ ಯಾವ ಕಂತು, ಯಾವ ದಿನ ಕೂಲಿ, ಯಾವ ದಿನ ಭಿಶಿ (ಚೀಟಿ). ಒಬ್ಬ ಹೆಂಗಸಿನ ಹಾಳೆ ನೆನಪಿದೆ: ಏಳು ಸಾಲ, ಒಟ್ಟು 2 ಲಕ್ಷ 80 ಸಾವಿರದ ಹತ್ತಿರ, ತಿಂಗಳ ಕಂತು 14,000, ಮನೆಯ ದುಡಿಮೆ 17,000. ತಿಂಗಳ ಎರಡನೆಯ ವಾರದಲ್ಲೇ ನಾಲ್ಕು ಕಂತು. ಅವಳು ಪ್ರತಿ ತಿಂಗಳೂ ಹೊಸ ಸಾಲಕ್ಕೆ ಕೈಚಾಚುತ್ತಿದ್ದದ್ದು ಆ ವಾರದಲ್ಲೇ. ಹಾಳೆ ನೋಡಿ ಅವಳೇ ಬೆರಳಿಟ್ಟು ತೋರಿಸಿದಳು.

ಅಲ್ಲಿಂದ ಮುಂದಿನದು ಕಾಗದದ ಕೆಲಸ. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ಮೈಕ್ರೋಫೈನಾನ್ಸ್ ನಿಯಮದಂತೆ ಒಂದು ಕುಟುಂಬದ ಸಾಲದ ಕಂತುಗಳೆಲ್ಲ ಸೇರಿ ತಿಂಗಳ ಆದಾಯದ ಶೇ 50 ದಾಟಬಾರದು. ಅದನ್ನು ನೋಡಿಕೊಳ್ಳುವ ಹೊಣೆ ಸಾಲ ಕೊಡುವವರದ್ದೇ. ಹಾಳೆಯ ಪ್ರತಿಯನ್ನು ಲಗತ್ತಿಸಿ ಕಂತಿನ ತಾರೀಖು ಬದಲಿಸಿ, ಅವಧಿ ಹೆಚ್ಚಿಸಿ ಎಂದು ಶಾಖೆಗೆ ಪತ್ರ ಕೊಟ್ಟು, ಮುದ್ರೆ ಹಾಕಿಸಿಕೊಂಡು ಬರುತ್ತೇವೆ. ಬಾಯಿಮಾತಿನಲ್ಲಿ ಕೇಳಿದಾಗ ನಮ್ಮನ್ನು ಹೊರಗೆ ನಿಲ್ಲಿಸಿದ ಶಾಖೆಯೊಂದು, ಸಾಲದ ಕಾರ್ಡಿನಲ್ಲಿದ್ದ ದೂರು ಸ್ವೀಕರಿಸುವ ಸಂಖ್ಯೆಗೂ ಪ್ರತಿ ಹೋಗಿದೆ ಎಂದು ತಿಳಿದ ಮೇಲೆ ಕುರ್ಚಿ ಕೊಟ್ಟಿತು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಪೀಡಿಸುವಂತಿಲ್ಲ ಎಂಬುದನ್ನು ಅದೇ ಹಾಳೆಯ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದುಕೊಡುತ್ತೇನೆ. 2025ರ ಫೆಬ್ರುವರಿಯಲ್ಲಿ ರಾಜ್ಯದ ಸುಗ್ರೀವಾಜ್ಞೆ ಬಂದು, ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು ಎಂದಾದ ಮೇಲೆ ಮೀಟರ್ ಬಡ್ಡಿಯವರೂ ಬಾಗಿಲಲ್ಲಿ ದನಿ ತಗ್ಗಿಸಿದ್ದಾರೆ.

ತೀರಿಸುವಾಗ ಅತಿ ಚಿಕ್ಕ ಸಾಲ ಮೊದಲು. ಹೆಚ್ಚು ಬಡ್ಡಿಯದನ್ನು ಮೊದಲು ತೀರಿಸಬೇಕೆಂದು ಲೆಕ್ಕ ಬಲ್ಲವರು ವಾದಿಸುತ್ತಾರೆ. ನಾನೂ ಕೆಲವು ಮನೆಗಳಲ್ಲಿ ಹಾಗೆ ಮಾಡಿ ನೋಡಿದೆ. ನಾಲ್ಕೈದು ತಿಂಗಳಾದರೂ ಒಂದು ಕಾರ್ಡೂ ಹರಿಯದೆ ಅವರು ಬೇಸತ್ತು ಬಿಟ್ಟರು. 8,000 ರೂಪಾಯಿಯ ಸಾಲ ಮುಗಿದು ಒಬ್ಬ ವಸೂಲಿಯವನು ಬರುವುದು ನಿಂತರೆ ಹೆಂಗಸಿನ ಬೆನ್ನು ನೆಟ್ಟಗಾಗುತ್ತದೆ. ಗೃಹಲಕ್ಷ್ಮಿಯ 2,000 ಕಂತಿಗೆ ಹೋಗಕೂಡದು ಎಂಬುದು ನನ್ನ ಹಟ. ಅದು ಕಂತುಗಳು ಒಟ್ಟಿಗೆ ಬೀಳುವ ವಾರದಲ್ಲಿ ಮನೆಯ ಖರ್ಚಿಗೆ ಇರಬೇಕು.

ಎರಡನೆಯ ಸಲ ಹಾಳೆ ಓದುವಾಗ ಗಂಡನನ್ನೂ ಕೂರಿಸುತ್ತೇನೆ. ಇದಕ್ಕೆ ಅತಿ ಹೆಚ್ಚು ವಿರೋಧ ಬಂತು. ಹೊಡೆತದ ಮನೆ ಎಂದು ಸುಳಿವು ಸಿಕ್ಕರೆ ಕೂರಿಸುವುದಿಲ್ಲ. ಅಲ್ಲಿ ಹಾಳೆಗಿಂತ ಮೊದಲು ಮಹಿಳಾ ಸಹಾಯವಾಣಿ 181, ಹಿಂಸೆಗೊಳಗಾದ ಹೆಂಗಸರಿಗಿರುವ ಸಖಿ ಕೇಂದ್ರ, ಕೌಟುಂಬಿಕ ಹಿಂಸೆ ತಡೆಯುವ ರಕ್ಷಣಾಧಿಕಾರಿ. ಉಳಿದ ಮನೆಗಳಲ್ಲಿ ಗಂಡಸರು ಮೊತ್ತ ಕಂಡು ತಲೆತಗ್ಗಿಸಿ, ಮುಂದಿನ ತಿಂಗಳಿನಿಂದ ಕೂಲಿಯ ಹಣವನ್ನು ಹೆಂಡತಿಯ ಕೈಗೆ ತಂದುಕೊಟ್ಟದ್ದನ್ನು ನೋಡಿದ್ದೇನೆ.

ವಿಧವೆಯರ ಕಾರ್ಡ್‌ಗಳನ್ನು ಎರಡು ಸಲ ನೋಡಿ. ಹಲವು ಸಾಲಗಳ ಜೊತೆ ಗಂಡನಿಗೂ ಸೇರಿ ವಿಮೆ ಕಡಿತವಾಗಿರುತ್ತದೆ. ಗಂಡ ತೀರಿಹೋಗಿ ವರ್ಷವಾದರೂ ಕಂತು ಕಟ್ಟುತ್ತಿದ್ದ ಮೂರ್ನಾಲ್ಕು ಮಂದಿ ಸಿಕ್ಕಿದರು. ಮರಣ ಪ್ರಮಾಣಪತ್ರ ಕೊಟ್ಟು ಬೆನ್ನುಹತ್ತಿದ ಮೇಲೆ ಇಬ್ಬರ ಸಾಲ ಪೂರ್ತಿ ಮನ್ನಾ ಆಯಿತು, ಒಬ್ಬಳಿಗೆ 11,000 ಚಿಲ್ಲರೆ ವಾಪಸ್ ಬಂತು.

ನಡುವೆ ಕೌದಿಯ ಪ್ರಯೋಗವನ್ನೂ ಮಾಡಿದೆ. ಮಗ್ಗದ ಚಿಂದಿ, ಹಳೆಯ ಸೀರೆ ಕೂಡಿಸಿ ಹೊಲಿದು ಮಾರಿದರೆ ಆದಾಯವಾದೀತು ಎಂಬ ಆಸೆ. ಒಂದು ಕೌದಿಗೆ ಹದಿನೈದು ದಿನ, ಸಿಕ್ಕ ಬೆಲೆ 1,200. ನೂಲು, ಸಾಗಾಟ ಕಳೆದರೆ ದಿನಕ್ಕೆ 50-60 ರೂಪಾಯಿಯೂ ಉಳಿಯಲಿಲ್ಲ. ವ್ಯಾಪಾರವೆಂದು ಅದು ಬಿದ್ದುಹೋಯಿತು. ಆದರೆ ಕೌದಿಯ ಸುತ್ತ ಕುಳಿತು ಸೂಜಿ ಓಡಿಸುವಾಗ ಹೆಂಗಸರು ತಮ್ಮಷ್ಟಕ್ಕೆ ಮಾತಾಡುತ್ತಿದ್ದರು. ಶಿಬಿರದಲ್ಲಿ ತುಟಿ ಬಿಚ್ಚದಿದ್ದವಳು ಅಲ್ಲಿ ಗಿರವಿಯಿಟ್ಟ ತಾಳಿಯ ವಿಷಯ ಹೇಳಿದಳು. ಈಗಲೂ ಹೊಸ ಓಣಿಗೆ ಹೋದರೆ ಮೊದಲು ಕೌದಿ ಹಾಸುತ್ತೇನೆ, ಹಾಳೆ ಆಮೇಲೆ.

ಒಂದು ಮನೆಗೆ ನನಗಾಗುವ ಖರ್ಚು, ಓಡಾಟ, ಝೆರಾಕ್ಸ್ ಸೇರಿ, 300 ರೂಪಾಯಿ ದಾಟುವುದಿಲ್ಲ. ಬಸ್ಸಿಗೆ ಶಕ್ತಿ ಯೋಜನೆ ಇದೆ. ಏಳು ಸಾಲದ ಆ ಹೆಂಗಸಿಗೆ ಒಂದೂಕಾಲು ವರ್ಷದಲ್ಲಿ ಎರಡು ಸಾಲ ಉಳಿದಿವೆ. ಮತ್ತೆ ಸಾಲಕ್ಕೆ ಬಿದ್ದ ಹತ್ತು ಮನೆಗಳಲ್ಲಿ ಹೆಚ್ಚಿನವು ಆಸ್ಪತ್ರೆಯ ಖರ್ಚಿಗೆ ಬಿದ್ದವು. ಅದಕ್ಕೆಂದು ಭಿಶಿಯಲ್ಲೇ ತಿಂಗಳಿಗೆ 50 ರೂಪಾಯಿ ಬೇರೆ ತೆಗೆದಿಡುವುದನ್ನು ಈ ದೀಪಾವಳಿಯಿಂದ ಶುರು ಮಾಡುತ್ತಿದ್ದೇವೆ. ಹತ್ತಿರದ ತೇರದಾಳದಿಂದಲೂ ಕರೆ ಬಂದಿದೆ. ಅಲ್ಲಿ ಕಂಡಿಕೆಯವರಿಗಿಂತ ಕಬ್ಬಿನ ಕೂಲಿಯವರು ಹೆಚ್ಚು, ಮುಂಗಡದ ಲೆಕ್ಕ ಬೇರೆ. ತಾರೀಖಿನ ಹಾಳೆಯನ್ನು ಅಲ್ಲಿ ಹಂಗಾಮಿನ ಹಾಳೆಯಾಗಿ ಮಾಡಿ ನೋಡಬೇಕು.