ಲ್ಯಾಬಿಗೆ ಕನ್ನಡ ಬಂದ ಮೇಲೆ

ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಮಾಡುತ್ತೇನೆ. ಮೊದಲ ವರ್ಷದ ಪೈಥಾನ್ ಲ್ಯಾಬ್ ನನ್ನದು. 2022ರ ನವೆಂಬರ್ ಕೊನೆಗೆ ಚಾಟ್‌ಜಿಪಿಟಿ ಬಂತು. ಮುಂದಿನ ಸೆಮಿಸ್ಟರ್ ಹೊತ್ತಿಗೆ ಮಕ್ಕಳ ರೆಕಾರ್ಡ್ ಪುಸ್ತಕಗಳೆಲ್ಲ ಒಂದೇ ಥರ ಆಗಿದ್ದವು. ಅವೇ ವೇರಿಯಬಲ್ ಹೆಸರು, ಅವೇ ಕಾಮೆಂಟು. ಪ್ರೋಗ್ರಾಂ ಸರಿಯಾಗಿಯೇ ಓಡುತ್ತಿತ್ತು. ವೈವಾದಲ್ಲಿ "ಈ ಸಾಲು ಏನು ಮಾಡುತ್ತೆ?" ಅಂತ ಕೇಳಿದರೆ ಮಾತ್ರ ತಲೆ ಬಗ್ಗಿಸಿ ನಿಲ್ಲುತ್ತಿದ್ದರು.

ಮೊದಲು ನಾನೂ ಎಲ್ಲರ ಹಾಗೆ ಫೋನ್ ಕಿತ್ತಿಟ್ಟುಕೊಂಡೆ, ಲ್ಯಾಬಿನ ಇಂಟರ್ನೆಟ್ ನಿಲ್ಲಿಸಿದೆ. ಮಕ್ಕಳು ಮನೆಯಲ್ಲೇ ಕೋಡ್ ಬಾಯಿಪಾಠ ಮಾಡಿಕೊಂಡು ಬಂದರು. ಏನೂ ಬದಲಾಗಲಿಲ್ಲ.

ಬದಲಾವಣೆ ಶುರುವಾಗಿದ್ದು ಒಂದು ಹಳೇ ಪ್ರೋಗ್ರಾಂನಿಂದ. ಕೊಟ್ಟ ಪದವನ್ನು ತಿರುಗಿಸಿ ಬರೆಯುವ ಪ್ರೋಗ್ರಾಂ ಎಲ್ಲ ಲ್ಯಾಬಿನಲ್ಲೂ ಇರುತ್ತದೆ, ಅಲ್ವಾ? ಪೈಥಾನ್‌ನಲ್ಲಿ ಅದು ಒಂದೇ ಸಾಲು. ಇಂಗ್ಲಿಷ್ ಪದ ಕೊಟ್ಟಾಗ ಎಲ್ಲರದ್ದೂ ಸರಿ ಬಂತು. ಸುಮ್ನೆ ನೋಡೋಣ ಅಂತ "ಈಗ 'ನಮಸ್ಕಾರ' ಕೊಡಿ" ಅಂದೆ. ಪರದೆ ಮೇಲೆ ಬಂದದ್ದು 'ರಾಕ್ಸಮನ'.

ಲ್ಯಾಬ್ ತುಂಬ ಗದ್ದಲ. ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂನಲ್ಲಿ ಓದಿದ ಒಬ್ಬ ಹುಡುಗಿ ಇದ್ದಳು. ಅಲ್ಲಿಯವರೆಗೆ ಅವಳ ದನಿಯನ್ನೇ ನಾನು ಕೇಳಿರಲಿಲ್ಲ. ಅವಳು ಎದ್ದು ನಿಂತು, "ಮೇಡಂ, ಇದು ತಪ್ಪು. 'ರಸ್ಕಾಮನ' ಬರಬೇಕಿತ್ತು" ಅಂದಳು. "ಯಾಕೆ?" ಅಂದೆ. "ಸ್ಕಾ ಒಂದೇ ಅಕ್ಷರ ಮೇಡಂ. ಅದನ್ನು ಒಡೆಯೋ ಹಾಗಿಲ್ಲ."

ಅವಳ ಕೈಗೆ ಸೀಮೆಸುಣ್ಣ ಕೊಟ್ಟೆ. ಕಂಪ್ಯೂಟರ್ ಆ ಪದವನ್ನು ಹೇಗೆ ಇಟ್ಟುಕೊಂಡಿದೆ ಅಂತ ನಾನು ಹೇಳುತ್ತಾ ಹೋದೆ, ಅವಳು ಬರೆದಳು. ನ, ಮ, ಸ, ಹಲಂತ, ಕ, ಇಳಿ, ರ. ಒಟ್ಟು 7. ಕಣ್ಣಿಗೆ ಕಾಣುವುದು 4 ಅಕ್ಷರ, ಯಂತ್ರದ ಲೆಕ್ಕದಲ್ಲಿ 7. ಎಲ್ಲ ಭಾಷೆಗಳ ಅಕ್ಷರಗಳಿಗೂ ನಂಬರು ಕೊಡುವ ಪಟ್ಟಿ ಯೂನಿಕೋಡ್. ಅದರಲ್ಲಿ ಒತ್ತಕ್ಷರಕ್ಕೆ ಬೇರೆ ಮನೆ ಇಲ್ಲ. ವ್ಯಂಜನ, ಹಲಂತ, ಇನ್ನೊಂದು ವ್ಯಂಜನ ಸಾಲಾಗಿ ಬಂದಾಗ ಫಾಂಟು ಅದನ್ನು ಒತ್ತಾಗಿ ತೋರಿಸುತ್ತದೆ. ಏಳನ್ನೂ ಹಿಂದಿನಿಂದ ಜೋಡಿಸಿದರೆ ಸಿಗುವುದು 'ರಾಕ್ಸಮನ'ವೇ. 'ಊರಿಗೆ' ಕೊಟ್ಟಾಗ ಇನ್ನೂ ವಿಚಿತ್ರ. ಗೆ ಅಕ್ಷರದ ಎತ್ವ ಮೊದಲಿಗೆ ಬಂದು, ಅಂಟಿಕೊಳ್ಳಲು ವ್ಯಂಜನ ಸಿಗದೆ, ಚುಕ್ಕಿ ಚುಕ್ಕಿ ವೃತ್ತದ ಮೇಲೆ ಕೂತಿತ್ತು.

ಅವತ್ತು ಯಾರೂ ಊಟದ ಬೆಲ್ಲಿಗೆ ಓಡಲಿಲ್ಲ. 'ಕನ್ನಡ' ಅನ್ನುವ ಪದ 3 ಅಕ್ಷರ, 5 ಕೋಡ್ ಪಾಯಿಂಟ್ (ಅಂದರೆ ಯೂನಿಕೋಡ್ ನಂಬರು), ಆ ನಂಬರುಗಳನ್ನು ಫೈಲಿನಲ್ಲಿ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ 15 ಬೈಟ್. ಇದನ್ನು ಮಕ್ಕಳೇ ಎಣಿಸಿ ಕಂಡುಕೊಂಡರು. ಒಬ್ಬ ಹುಡುಗ ಮಾರನೇ ದಿನ ಪಂಚಾಯಿತಿ ಆಫೀಸಿನ ಹಳೇ ಫೈಲೊಂದನ್ನು ಪೆನ್‌ಡ್ರೈವ್‌ನಲ್ಲಿ ತಂದ. ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಪೌಂಡ್ ಗುರುತು, ಎಲ್ಲ ಕಲಸುಮೇಲೋಗರ. ಆ ಫೈಲಿನೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ನಂಬರುಗಳೇ, ಫಾಂಟು ಅವುಗಳಿಗೆ ಕನ್ನಡದ ಆಕಾರ ತೊಡಿಸಿದೆ ಅಂತ ಅವನಿಗೆ ಹೊಳೆದದ್ದು ಅಲ್ಲೇ. ಅಕ್ಷರಗಳನ್ನು ನಂಬರಾಗಿಸುವ ಈ ಎನ್‌ಕೋಡಿಂಗ್ ಅಂದರೇನು ಅಂತ ನಾನು ವರ್ಷಗಟ್ಟಲೆ ಸ್ಲೈಡ್ ಹಾಕಿ ಹೇಳಿದ್ದೇನೆ. ಅಷ್ಟು ಚೆನ್ನಾಗಿ ಯಾವತ್ತೂ ತಲುಪಿರಲಿಲ್ಲ.

ಅಲ್ಲಿಂದ ಲ್ಯಾಬಿನ ಕ್ರಮ ಬದಲಿಸಿದೆ. ಚಾಟ್‌ಬಾಟ್ ಬಳಸಬಹುದು, ತಕರಾರಿಲ್ಲ. ಆದರೆ ಓಡಿಸುವ ಮೊದಲು ಅರ್ಧ ಹಾಳೆಯಲ್ಲಿ ಔಟ್‌ಪುಟ್ ಏನು ಬರುತ್ತೆ ಅಂತ ಪೆನ್ನಿನಲ್ಲಿ ಬರೆದು ನನಗೆ ಕೊಡಬೇಕು. ಇದಕ್ಕೆ ಮಕ್ಕಳೇ 'ಊಹೆ ಹಾಳೆ' ಅಂತ ಹೆಸರಿಟ್ಟರು. ಊಹೆ ತಪ್ಪಾದರೆ ಅಂಕ ಕಳೆಯುವುದಿಲ್ಲ. ಯಾಕೆ ತಪ್ಪಿತು ಅಂತ ಅದರ ಕೆಳಗೆ ಎರಡು ಸಾಲು ಬರೆದರೆ ಸಾಕು. ನನ್ನ ಇನ್‌ಪುಟ್‌ಗಳು ಕನ್ನಡದ್ದು: ಅವರವರ ಊರಿನ ಹೆಸರು, ಮನೆಯವರ ಹೆಸರು.

ನನಗೆ ಹೆಚ್ಚು ಖುಷಿ ಕೊಟ್ಟದ್ದು ಟೋಕನೈಸರ್ ಪಾಠ. ಚಾಟ್‌ಜಿಪಿಟಿಯಂಥವುಗಳ ಹಿಂದಿರುವ ಇವತ್ತಿನ ಭಾಷಾ ಮಾಡೆಲ್‌ಗಳು ಪದಗಳನ್ನು ಚೂರು ಚೂರು ಮಾಡಿ ಓದುತ್ತವೆ. ಆ ಚೂರಿಗೆ ಟೋಕನ್ ಅಂತ, ಚೂರು ಮಾಡುವ ಪ್ರೋಗ್ರಾಂಗೆ ಟೋಕನೈಸರ್ ಅಂತ ಹೆಸರು. ಹಾಗೆ ಚೂರು ಮಾಡುವ ಒಂದು ವಿಧಾನಕ್ಕೆ ಬೈಟ್ ಪೇರ್ ಎನ್‌ಕೋಡಿಂಗ್ ಅಂತ ಹೆಸರು. 1994ರಲ್ಲಿ ಫಿಲಿಪ್ ಗೇಜ್ ಅನ್ನುವವರು ಫೈಲ್ ಚಿಕ್ಕದು ಮಾಡಲು ಇದನ್ನು ಬರೆದರು. ಸಿಲಬಸ್‌ನಲ್ಲಿ ಇರಲಿಲ್ಲ, ಆದರೂ ಒಂದು ಶನಿವಾರ ಕಂಪ್ಯೂಟರ್ ಹಚ್ಚದೆ ಬೋರ್ಡಿನ ಮೇಲೇ ಮಾಡಿದೆವು.

ನಾಲ್ಕು ಪದ ಬರೆದೆ: ಮರಗಳು, ಮನೆಗಳು, ಹೂಗಳು, ಮಕ್ಕಳು. ಬಿಡಿಬಿಡಿಯಾಗಿ ಒಡೆದು, ಅಕ್ಕಪಕ್ಕ ಬರುವ ಜೋಡಿಗಳಲ್ಲಿ ಯಾವುದು ಜಾಸ್ತಿ ಅಂತ ಎಣಿಸಬೇಕು. ಳ ಮತ್ತು ಕೊಂಬು 4 ಸಲ ಬಂತು. ಅವೆರಡನ್ನೂ ಸೇರಿಸಿ 'ಳು' ಅಂತ ಒಂದು ತುಂಡು ಮಾಡಿದೆವು. ಮತ್ತೆ ಎಣಿಸಿದರೆ ಗ ಮತ್ತು 'ಳು' 3 ಸಲ. ಅವನ್ನೂ ಸೇರಿಸಿದಾಗ 'ಗಳು' ಹುಟ್ಟಿತು. "ಮೇಡಂ, ಬಹುವಚನ ಪ್ರತ್ಯಯ!" ಅಂತ ಹಿಂದಿನ ಬೆಂಚಿನಿಂದ ಕೂಗು ಬಂತು. ಯಾರೂ ವ್ಯಾಕರಣ ಹೇಳಿಕೊಟ್ಟಿರಲಿಲ್ಲ. ಬರೀ ಎಣಿಕೆಯಿಂದ ಅದು ಸಿಕ್ಕಿತ್ತು. 'ಮಕ್ಕಳು' ಮಾತ್ರ ಆ ಗುಂಪಿಗೆ ಸೇರಲಿಲ್ಲ. ಅದೂ ಸರಿಯೇ ತಾನೇ?

ಆಮೇಲೆ "ಈಗ 'ಮರಗಳನ್ನು' ಒಡೆಯಿರಿ" ಅಂದೆ. 'ಗಳು' ಸಿಗಲೇ ಇಲ್ಲ. ಕೊಂಬು ಬಿದ್ದುಹೋಗಿತ್ತು. ಒಂದು ನಿಮಿಷ ಎಲ್ಲರೂ ಬೋರ್ಡನ್ನೇ ನೋಡಿದರು. 'ರಸ್ಕಾಮನ' ಅಂದಿದ್ದ ಆ ಹುಡುಗಿಯೇ ಹೇಳಿದಳು: "ಲೋಪಸಂಧಿ ಮೇಡಂ." ಹೈಸ್ಕೂಲಿನಲ್ಲಿ ಎರಡು ಅಂಕಕ್ಕೆ ಓದಿದ ಲೋಪಸಂಧಿ ಕಂಪ್ಯೂಟರ್ ಸೈನ್ಸ್ ಕ್ಲಾಸಿನಲ್ಲಿ ಉತ್ತರವಾಗಿ ಬಂದದ್ದನ್ನು ನಾನು ಮರೆಯಲಾರೆ.

ಮುಂದಿನ ವಾರ 2019ರ ಜಿಪಿಟಿ-2 ಅನ್ನುವ ಭಾಷಾ ಮಾಡೆಲ್‌ನ ಟೋಕನೈಸರ್ ಇಳಿಸಿಕೊಂಡು ಓಡಿಸಿದೆವು. ಅದರ ಪಟ್ಟಿಯಲ್ಲಿ 50,257 ತುಂಡುಗಳಿವೆ, ಬಹುಪಾಲು ಇಂಗ್ಲಿಷಿನವು. ಕನ್ನಡ ಕೊಟ್ಟರೆ ಒಂದು ಅಕ್ಷರವೂ ಇಡಿಯಾಗಿ ಉಳಿಯದೆ ಬೈಟ್‌ಗಳಾಗಿ ಪುಡಿಯಾಯಿತು. 2024ರ ಜಿಪಿಟಿ-4ಒ ಪಟ್ಟಿ ಸುಮಾರು 2 ಲಕ್ಷದ್ದು. ಅದರಲ್ಲಿ ನಮ್ಮ ಪದಗಳು ಅಷ್ಟು ಪುಡಿಯಾಗುವುದಿಲ್ಲ. ಎಪಿಐ ಮೂಲಕ, ಅಂದರೆ ತಮ್ಮ ಪ್ರೋಗ್ರಾಂನಿಂದಲೇ, ಇಂಥ ಮಾಡೆಲ್ ಬಳಸುವವರು ಟೋಕನ್ ಲೆಕ್ಕದಲ್ಲಿ ದುಡ್ಡು ಕಟ್ಟುತ್ತಾರೆ. ಹಾಗಾಗಿ ಪದ ಜಾಸ್ತಿ ಚೂರಾದಷ್ಟೂ ಖರ್ಚು ಜಾಸ್ತಿ. ಇದನ್ನು ಕೇಳಿದಾಗ ಮಕ್ಕಳ ಮುಖದಲ್ಲಿ ಕಂಡ ಸಿಟ್ಟು ನನಗೆ ಇಷ್ಟವಾಯಿತು.

ಇದಕ್ಕೆಲ್ಲ ಸಮಯ ಬೇಕು. ಕೆಲವು ಪ್ರೋಗ್ರಾಂಗಳನ್ನು ಅವಸರದಲ್ಲಿ ಮುಗಿಸಬೇಕಾಯಿತು. ವಾರಕ್ಕೆ 60 ಊಹೆ ಹಾಳೆ ಓದಲು ಭಾನುವಾರದ ಬೆಳಗ್ಗೆ ಪೂರ್ತಿ ಹೋಗುತ್ತದೆ. ನಾಲ್ಕೈದು ಮಂದಿ ಈಗಲೂ ಪಕ್ಕದವರ ಹಾಳೆ ನೋಡಿಯೇ ಬರೆಯುತ್ತಾರೆ. ಅವರ ಜೊತೆ ಒಬ್ಬೊಬ್ಬರಾಗಿ ಕೂರುವುದು ಬಿಟ್ಟು ಬೇರೆ ದಾರಿ ನನಗೆ ಕಂಡಿಲ್ಲ. ಈ ಥರ ಮಾಡಬೇಕು ಅನ್ನುವ ಮೇಷ್ಟ್ರುಗಳಿಗೆ ನನ್ನದೊಂದೇ ಮಾತು: ತಿಂಗಳಿಗೆ ಒಂದು ಪ್ರೋಗ್ರಾಂನಿಂದ ಶುರು ಮಾಡಿ. ಊಹೆ ಹಾಳೆಯನ್ನು ಮಾತ್ರ ಬಿಡಬೇಡಿ.

ಹೋದ ವಾರ ಒಬ್ಬ ಹುಡುಗ ಲ್ಯಾಪ್‌ಟಾಪ್ ಹಿಡಿದು ಸ್ಟಾಫ್ ರೂಮಿಗೇ ಬಂದ. ಜಿಲ್ಲೆಗಳ ಹೆಸರಿನ ಎರಡು ಫೈಲ್ ಹೋಲಿಸುತ್ತಿದ್ದ. ಎರಡರಲ್ಲೂ 'ಕೊಡಗು' ಇದೆ, ಆದರೆ ಪೈಥಾನ್ ಎರಡೂ ಒಂದೇ ಅಲ್ಲ ಅನ್ನುತ್ತಿದೆ. ಒಂದರ ಉದ್ದ 5, ಇನ್ನೊಂದರದು 6. ನಾನು ಬಾಯಿ ತೆರೆಯುವ ಮೊದಲೇ ಜೇಬಿನಿಂದ ಮಡಚಿದ ಅರ್ಧ ಹಾಳೆ ತೆಗೆದ. "ಮೇಡಂ, ನನ್ನ ಊಹೆ ಇದು. ಒಂದರಲ್ಲಿ ಒತ್ವ ಇಡಿಯಾಗಿದೆ. ಇನ್ನೊಂದರಲ್ಲಿ ಎತ್ವಕ್ಕೆ ಕೊಂಬಿನ ದೀರ್ಘ ಅಂಟಿಸಿ ಮಾಡಿದ್ದಾರೆ. ನೋಡೋಕೆ ಎರಡೂ ಒಂದೇ." ಇಬ್ಬರೂ ಕೂತು ಕೋಡ್ ಪಾಯಿಂಟ್‌ಗಳನ್ನು ಒಂದೊಂದಾಗಿ ಬಿಡಿಸಿ ನೋಡಿದೆವು. ಅವನ ಊಹೆ ಸರಿಯಾಗಿತ್ತು.