ಪೆನ್‌ಡ್ರೈವ್ ಕಾಣುತ್ತಿಲ್ಲವೇ? ಫಾರ್ಮ್ಯಾಟ್ ಒತ್ತುವ ಮೊದಲು ಕರ್ನೆಲ್ ಹೇಳುವುದನ್ನು ಓದಿ

ಮದುವೆಯ ಫೋಟೊಗಳಿದ್ದ ಪೆನ್‌ಡ್ರೈವನ್ನು ಉಬುಂಟು ಲಿನಕ್ಸ್ ಲ್ಯಾಪ್‌ಟಾಪಿಗೆ ಚುಚ್ಚಿದ ನೆಂಟರ ಹುಡುಗನೊಬ್ಬ, ಅದು ತೆರೆಯಲಿಲ್ಲವೆಂದು ನೇರವಾಗಿ ‘ಡಿಸ್ಕ್ಸ್’ ತಂತ್ರಾಂಶಕ್ಕೆ ಹೋಗಿ ಫಾರ್ಮ್ಯಾಟ್ ಒತ್ತಿದ್ದನ್ನು ನಾನು ಪಕ್ಕದಲ್ಲೇ ಕುಳಿತು ನೋಡಿದ್ದೇನೆ. ಬೇಡವೆನ್ನುವಷ್ಟರಲ್ಲಿ ಕೆಲಸ ಮುಗಿದಿತ್ತು. ಆ ಪೆನ್‌ಡ್ರೈವ್ ಕೆಟ್ಟಿರಲೇ ಇಲ್ಲ. ಅದರಲ್ಲಿದ್ದ ಎಕ್ಸ್‌ಫ್ಯಾಟ್ ಎಂಬ ಫೈಲ್ ಸಿಸ್ಟಮ್ಮನ್ನು (ಫೈಲುಗಳನ್ನು ಜೋಡಿಸಿಡುವ ವಿಧಾನವನ್ನು) ಓದುವ ಪ್ಯಾಕೇಜು ಆ ಹಳೆಯ ಉಬುಂಟುವಿನಲ್ಲಿ ಇರಲಿಲ್ಲ, ಅಷ್ಟೆ. ‘ಕಾಣುತ್ತಿಲ್ಲ’ ಎಂಬ ಒಂದೇ ದೂರಿನ ಹಿಂದೆ ಕೇಬಲ್ಲಿನ ದೋಷ, ಸಾಧನದ ದೋಷ, ಕರ್ನೆಲ್ (ಲಿನಕ್ಸಿನ ತಿರುಳು) ಸಾಧನವನ್ನು ನಡೆಸಲು ಬಳಸುವ ಮಾಡ್ಯೂಲಿನ ತೊಂದರೆ, ಫೈಲ್ ಸಿಸ್ಟಮ್ಮಿನ ತೊಂದರೆ ಇವುಗಳಲ್ಲಿ ಯಾವುದಾದರೂ ಇರಬಹುದು. ಯಾವುದೆಂದು ಗೊತ್ತಾಗುವವರೆಗೆ ಡ್ರೈವಿನ ಮೇಲೆ ಏನನ್ನೂ ಬರೆಯಬಾರದು.

ಮುಂದೆ ಬರುವ ಕಮಾಂಡುಗಳನ್ನು ಅಕ್ಷರ ಬಿಡಿಸಿ ಬರೆದಿದ್ದೇನೆ. ಟರ್ಮಿನಲ್ಲಿನಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು.

ಹಂತ 1: ಬೇರೆ ಪೋರ್ಟಿಗೆ ಹಾಕಿ ನೋಡಿ, ಹಬ್ ಇದ್ದರೆ ತೆಗೆದುಹಾಕಿ, ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಾದರೆ ಕೇಬಲ್ ಬದಲಿಸಿ. ಅಗ್ಗದ ಹಲವು ಕೇಬಲ್ಲುಗಳಲ್ಲಿ ಚಾರ್ಜಿಂಗ್ ತಂತಿಗಳು ಮಾತ್ರ ಇರುತ್ತವೆ, ಡೇಟಾ ತಂತಿಗಳೇ ಇರುವುದಿಲ್ಲ; ಅಂಥ ಕೇಬಲ್ಲನ್ನು ಮನೆಯಲ್ಲಿ ಇಟ್ಟುಕೊಳ್ಳಲೇಬೇಡಿ.

ಹಂತ 2: ಬಹುತೇಕರು ಹಾರಿಬಿಡುವ, ಆದರೆ ಎಲ್ಲವೂ ತೀರ್ಮಾನವಾಗುವ ಹಂತ ಇದು. ಡ್ರೈವನ್ನು ಹೊರಗೆ ತೆಗೆದು, ಟರ್ಮಿನಲ್ಲಿನಲ್ಲಿ ಕರ್ನೆಲ್ಲಿನ ಲಾಗನ್ನು (ಅದು ಬರೆದಿಡುವ ಸಂದೇಶಗಳನ್ನು) ತೋರಿಸುವ ‘ಸುಡೊ ಡಿಎಂಇಎಸ್‌ಜಿ -ಡಬ್ಲ್ಯೂ’ ಕೊಟ್ಟು, ಪಾಸ್‌ವರ್ಡ್ ಹಾಕಿ, ಬರುವ ಸಾಲುಗಳೆಲ್ಲ ನಿಂತ ಮೇಲೆ ಎರಡು ಸಲ ಎಂಟರ್ ಒತ್ತಿ ಖಾಲಿ ಜಾಗ ಮಾಡಿಕೊಳ್ಳಿ. ಈಗ ಡ್ರೈವನ್ನು ಚುಚ್ಚಿ. ಆ ಖಾಲಿ ಜಾಗದ ಕೆಳಗೆ ಮೂಡುವ ಸಾಲುಗಳು ಮಾತ್ರ ನಿಮಗೆ ಸಂಬಂಧಿಸಿದವು.

ಒಂದು ಸಾಲೂ ಮೂಡದಿದ್ದರೆ ಡ್ರೈವಿನ ಸುಳಿವೇ ಕಂಪ್ಯೂಟರಿಗೆ ಸಿಕ್ಕಿಲ್ಲವೆಂದು ತಿಳಿಯಬೇಕು. ಇಲ್ಲಿ ಯಾವ ತಂತ್ರಾಂಶವೂ ಕೆಲಸಕ್ಕೆ ಬಾರದು, ಹಂತ 1ಕ್ಕೆ ಮರಳಿ. ‘ಡಿವೈಸ್ ಡಿಸ್ಕ್ರಿಪ್ಟರ್ ರೀಡ್’ ಎಂಬ ಮಾತಿನ ಮುಂದೆ ‘ಎರರ್ -71’ ಅಥವಾ ‘ಎರರ್ -110’ ಬಂದರೆ ಸಾಧನ ಬಾಯಿ ತೆರೆದಿದೆ, ಆದರೆ ಮಾತು ಪೂರೈಸಿಲ್ಲ: ಮೊದಲನೆಯದು ಸಂವಹನದ ದೋಷ, ಎರಡನೆಯದು ಉತ್ತರಕ್ಕೆ ಕಾದು ಸಮಯ ಮೀರಿದ್ದು. ಸಡಿಲ ಪೋರ್ಟ್, ಸವೆದ ಕೇಬಲ್ ಅಥವಾ ಸಾಲದ ವಿದ್ಯುತ್ ಇದಕ್ಕೆ ಸಾಮಾನ್ಯ ಕಾರಣಗಳು. ಯುಎಸ್‌ಬಿ 2 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪಿಯರ್, ಯುಎಸ್‌ಬಿ 3 ಪೋರ್ಟ್ 900. ಆದ್ದರಿಂದ ಟಿಕ್ ಟಿಕ್ ಎನ್ನುತ್ತಾ ತಿರುಗಲು ಹೆಣಗುವ ಹಾರ್ಡ್ ಡಿಸ್ಕನ್ನು ಹಳೆಯ ಪೋರ್ಟಿನಿಂದ ಯುಎಸ್‌ಬಿ 3ರ ನೀಲಿ ಪೋರ್ಟಿಗೆ ಬದಲಿಸಿದರೆ ಎಷ್ಟೋ ಬಾರಿ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಎಲ್ಲ ಸರಿಯಿದ್ದರೆ ‘ನ್ಯೂ ಹೈ-ಸ್ಪೀಡ್ ಯುಎಸ್‌ಬಿ ಡಿವೈಸ್’ ಎಂದೋ ‘ಸೂಪರ್‌ಸ್ಪೀಡ್’ ಎಂದೋ ಒಂದು ಸಾಲು ಬರುತ್ತದೆ, ಬಳಿಕ ‘ಮಾಸ್ ಸ್ಟೋರೇಜ್ ಡಿವೈಸ್ ಡಿಟೆಕ್ಟೆಡ್’, ಕೊನೆಗೆ ಚೌಕ ಕಂಸದಲ್ಲಿ ‘ಎಸ್‌ಡಿಎ’ ಅಥವಾ ‘ಎಸ್‌ಡಿಬಿ’ ಎಂಬ ಹೆಸರು ಮತ್ತು ಗಾತ್ರ. ಯುಎಸ್‌ಬಿ 3 ಡ್ರೈವಿಗೂ ‘ಹೈ-ಸ್ಪೀಡ್’ ಎಂದೇ ಬಂದರೆ ಗಾಬರಿ ಬೇಡ; ನಿಧಾನವಾಗಿ ಚುಚ್ಚಿದಾಗ ಒಳಗಿನ ಹೆಚ್ಚುವರಿ ಪಿನ್ನುಗಳು ತಡವಾಗಿ ತಾಗಿ ಅದು ಯುಎಸ್‌ಬಿ 2 ಎಂದೇ ಗುರುತಾಗುತ್ತದೆ. ತೆಗೆದು ಒಂದೇ ಏಟಿಗೆ ಒಳಗೆ ತಳ್ಳಿ.

‘ನ್ಯೂ ಯುಎಸ್‌ಬಿ ಡಿವೈಸ್ ಫೌಂಡ್’ ಎಂದು ಬಂದು, ಮಾಸ್ ಸ್ಟೋರೇಜ್ ಸಾಲು ಬಾರದೆ ನಿಂತುಬಿಡುವುದು ಇನ್ನೊಂದು ವಿಚಿತ್ರ. ಆರ್ಚ್ ಲಿನಕ್ಸ್ ಬಳಸುವವರು ಇದನ್ನು ಒಮ್ಮೆಯಾದರೂ ಕಂಡಿರುತ್ತಾರೆ: ಅಪ್‌ಡೇಟ್‌ನಲ್ಲಿ ಹೊಸ ಕರ್ನೆಲ್ ಬಂದಿರುತ್ತದೆ, ಹಳೆಯದರ ಮಾಡ್ಯೂಲುಗಳು ಅಳಿಸಿಹೋಗಿರುತ್ತವೆ, ಆದರೆ ಓಡುತ್ತಿರುವುದು ಇನ್ನೂ ಹಳೆಯ ಕರ್ನೆಲ್ಲೇ ಆದ್ದರಿಂದ ‘ಯುಎಸ್‌ಬಿ-ಸ್ಟೋರೇಜ್’ ಮಾಡ್ಯೂಲ್ ಅದಕ್ಕೆ ಸಿಗುವುದಿಲ್ಲ. ಒಂದು ರೀಬೂಟ್ ಸಾಕು. ಕಚೇರಿಯ ಲ್ಯಾಪ್‌ಟಾಪಾದರೆ ಭದ್ರತೆಯ ಕಾರಣಕ್ಕೆ ಈ ಮಾಡ್ಯೂಲನ್ನು ಬೇಕೆಂದೇ ತಡೆದಿರಬಹುದು. ಆಗ ಅಂತರ್ಜಾಲದಲ್ಲಿ ಉಪಾಯ ಹುಡುಕದೆ ಐಟಿ ವಿಭಾಗದವರನ್ನು ಕೇಳಿ.

ಹಂತ 3: ‘ಎಲ್‌ಎಸ್‌ಬಿಎಲ್‌ಕೆ -ಎಫ್’ ಕೊಟ್ಟು ಡ್ರೈವಿನ ಹೆಸರು ಮತ್ತು ಫೈಲ್ ಸಿಸ್ಟಮ್ಮನ್ನು, ‘-ಎಫ್’ ಇಲ್ಲದೆ ಇನ್ನೊಮ್ಮೆ ಕೊಟ್ಟು ಗಾತ್ರವನ್ನು ನೋಡಿಕೊಳ್ಳಿ. ಇಲ್ಲಿ ಎಡವುವ ಅಪಾಯವಿದೆ. ಎನ್‌ವಿಎಂಇ ಎಂಬ ಹೊಸ ಬಗೆಯ ಡಿಸ್ಕ್ ಇರುವ ಹೊಸ ಲ್ಯಾಪ್‌ಟಾಪುಗಳಲ್ಲಿ ಒಳಗಿನ ಡಿಸ್ಕಿನ ಹೆಸರೇ ಬೇರೆಯಾದ್ದರಿಂದ ಮೊದಲು ಚುಚ್ಚಿದ ಪೆನ್‌ಡ್ರೈವಿಗೆ ಸಾಮಾನ್ಯವಾಗಿ ‘ಎಸ್‌ಡಿಎ’ ಸಿಗುತ್ತದೆ, ಆದರೆ ಸಾಟಾ ಎಂಬ ಹಿಂದಿನ ಬಗೆಯ ಡಿಸ್ಕಿನ ಹಳೆಯ ಲ್ಯಾಪ್‌ಟಾಪುಗಳಲ್ಲಿ ‘ಎಸ್‌ಡಿಎ’ ಎಂದರೆ ಬಹುಮಟ್ಟಿಗೆ ನಿಮ್ಮ ಇಡೀ ಲಿನಕ್ಸ್. ಯಾರೋ ಬರೆದ ಕಮಾಂಡನ್ನು ಹಾಗೆಯೇ ನಕಲಿಸಿ ಒಳಗಿನ ಡಿಸ್ಕನ್ನೇ ಅಳಿಸಿಕೊಳ್ಳುವುದು ಹೀಗೆ. ಹೆಸರನ್ನು ನಂಬಬೇಡಿ, ಗಾತ್ರವನ್ನು ನೋಡಿ: 16 ಜಿಬಿ ಎಂದು ಮಾರಿದ ಪೆನ್‌ಡ್ರೈವ್ ಇಲ್ಲಿ 14.3 ಅಥವಾ ಅದರ ಆಸುಪಾಸು ತೋರಿಸುತ್ತದೆ. ಗಾತ್ರವೇ ಸೊನ್ನೆ ಎಂದು ಬಂದು, ಡ್ರೈವನ್ನು ತೆರೆಯಲು ಹೋದಾಗ ‘ನೋ ಮೀಡಿಯಮ್ ಫೌಂಡ್’ ಎಂದರೆ ಪೆನ್‌ಡ್ರೈವನ್ನು ನಡೆಸುವ ಚಿಪ್ಪಾದ ಕಂಟ್ರೋಲರಿಗೆ ಒಳಗಿನ ಮೆಮೊರಿ ಸಿಗುತ್ತಿಲ್ಲ; ‘ಪೆನ್‌ಡ್ರೈವ್ ರಿಪೇರಿ’ ಎಂಬ ಹೆಸರಿನ ಉಚಿತ ತಂತ್ರಾಂಶಗಳ ಹಿಂದೆ ಓಡಿ ಸಂಜೆ ಹಾಳುಮಾಡಿಕೊಳ್ಳಬೇಡಿ.

ಹಂತ 4: ಡ್ರೈವ್ ಪಟ್ಟಿಯಲ್ಲಿದೆ, ತೆರೆಯುತ್ತಿಲ್ಲ ಎಂದಾದರೆ ಫೈಲ್ ಸಿಸ್ಟಮ್ಮಿನ ಕಡೆ ನೋಡಿ. ಎಕ್ಸ್‌ಫ್ಯಾಟ್‌ಗೆ ಒಳ್ಳೆಯ ಬೆಂಬಲ ಕರ್ನೆಲ್ಲಿಗೆ ಬಂದದ್ದು 2020ರ 5.7ನೇ ಆವೃತ್ತಿಯಲ್ಲಿ, ಉಬುಂಟು 18.04ರಂಥ ಹಳೆಯದರಲ್ಲಿ ‘ಎಕ್ಸ್‌ಫ್ಯಾಟ್-ಫ್ಯೂಸ್’ ಪ್ಯಾಕೇಜ್ ಹಾಕಿಕೊಳ್ಳಬೇಕು. ವಿಂಡೋಸಿನ ಎನ್‌ಟಿಎಫ್‌ಎಸ್ ಫೈಲ್ ಸಿಸ್ಟಮ್ಮಿನ ಡ್ರೈವಾಗಿದ್ದು ಲಾಗಿನಲ್ಲಿ ‘ವಾಲ್ಯೂಮ್ ಈಸ್ ಡರ್ಟಿ’ (ಸರಿಯಾಗಿ ಮುಚ್ಚಿಲ್ಲವೆಂಬ ಗುರುತು) ಎಂದಿದ್ದರೆ, ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಇಜೆಕ್ಟ್ ಮಾಡದೆ ಕಿತ್ತುಕೊಂಡು ಬಂದದ್ದನ್ನು ನೆನಪಿಸಿಕೊಳ್ಳಿ. ‘ಎನ್‌ಟಿಎಫ್‌ಎಸ್‌ಫಿಕ್ಸ್’ ಓಡಿಸಿದರೆ ಸರಿಹೋಗುತ್ತದೆಂದು ಹೇಳುವವರಿದ್ದಾರೆ, ಆದರೆ ಅದು ಕೆಲವೇ ದೋಷಗಳನ್ನು ತಿದ್ದುತ್ತದೆ, ‘-ಡಿ’ ಸೇರಿಸಿ ಕೊಟ್ಟರೆ ಮಾತ್ರ ಆ ಗುರುತನ್ನೂ ಅಳಿಸುತ್ತದೆ. ಪೂರ್ತಿ ತಪಾಸಣೆ ಬೇಕಿದ್ದರೆ ವಿಂಡೋಸ್ ಯಂತ್ರವೊಂದರಲ್ಲಿ ‘ಸಿಎಚ್‌ಕೆಡಿಎಸ್‌ಕೆ’ (ಚೆಕ್ ಡಿಸ್ಕ್) ಓಡಿಸುವುದೇ ನಾನು ಒಪ್ಪುವ ದಾರಿ.

ಲಾಗಿನಲ್ಲಿ ‘ಐ/ಒ ಎರರ್’ (ಓದುವ, ಬರೆಯುವ ದೋಷ) ಸಾಲುಸಾಲಾಗಿ ಬರುತ್ತಿದ್ದರೆ ಮಾತ್ರ ದುರಸ್ತಿಯ ಯಾವ ಕಮಾಂಡನ್ನೂ ಕೊಡಬೇಡಿ, ಏಕೆಂದರೆ ಸಾಯುತ್ತಿರುವ ಡ್ರೈವಿನ ಮೇಲೆ ಬರೆಯುವ ಪ್ರತಿ ಪ್ರಯತ್ನವೂ ಉಳಿದದ್ದನ್ನು ತಿನ್ನುತ್ತದೆ. ಮೊದಲು ‘ಡಿಡಿರೆಸ್ಕ್ಯೂ’ ಬಳಸಿ ಇಡೀ ಡ್ರೈವಿನ ನಕಲನ್ನು ಬೇರೊಂದು ಡಿಸ್ಕಿಗೆ ತೆಗೆಯಿರಿ. ಅದು ಸುಲಭವಾಗಿ ಓದಲಾಗುವ ಭಾಗಗಳನ್ನು ಮೊದಲು ಎತ್ತಿಕೊಂಡು ಹಟಮಾರಿ ಜಾಗಗಳಿಗೆ ಆಮೇಲೆ ಮರಳುತ್ತದೆ. ಎಲ್ಲಿಯವರೆಗೆ ಓದಿತೆಂದು ಬರೆದಿಡುವ ಮ್ಯಾಪ್ ಫೈಲಿನ ಹೆಸರನ್ನೂ ಕೊಟ್ಟಿದ್ದರೆ ಕರೆಂಟ್ ಹೋದರೂ ನಿಂತಲ್ಲಿಂದಲೇ ಮುಂದುವರಿಸಬಹುದು. ಕಳೆದುಹೋದದ್ದನ್ನು ಮರಳಿ ಪಡೆಯಲು ಬಳಸುವ ‘ಟೆಸ್ಟ್‌ಡಿಸ್ಕ್’, ‘ಫೋಟೊರೆಕ್’ಗಳ ಪ್ರಯೋಗವೇನಿದ್ದರೂ ಆ ನಕಲಿನ ಮೇಲೆ ನಡೆಯಲಿ.